ದೂರ ಒಂದೇ, ಸಮಯ ನಾಲ್ಕು: ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ಹಾರಾಟದ ಲೆಕ್ಕ

ಪ್ರಶ್ನೆ: ನಾನು ಆಗಾಗ ಓಡಾಡುವ ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಂತರ್ಜಾಲದಲ್ಲಿ ಹುಡುಕಿದರೆ ಒಂದು ತಾಣ 383 ಎನ್ನುತ್ತದೆ, ಇನ್ನೊಂದು 238, ಮತ್ತೊಂದು 207. ರಸ್ತೆಯಲ್ಲಿ ಹೋದರೆ 470 ಕಿ.ಮೀ. ಆಗುತ್ತದೆ. ಹಾರಾಟದ ಸಮಯವೂ ಹೀಗೆಯೇ: ಒಂದು ತಾಣದಲ್ಲಿ 29 ನಿಮಿಷ, ಇನ್ನೊಂದರಲ್ಲಿ 59 ನಿಮಿಷ. ಟಿಕೆಟ್ಟಿನಲ್ಲಿ ಹೋಗುವಾಗ 1 ಗಂಟೆ 20 ನಿಮಿಷ, ಬರುವಾಗ 1 ಗಂಟೆ 15 ನಿಮಿಷ ಎಂದಿದೆ. ವಿಮಾನದೊಳಗೆ ಪೈಲಟ್ ‘ಸುಮಾರು 55 ನಿಮಿಷ’ ಎಂದು ಘೋಷಿಸುತ್ತಾರೆ. ನಮ್ಮದು ರೆಕ್ಕೆಯಡಿ ಪಂಖವಿರುವ ಸಣ್ಣ ವಿಮಾನ. ಇವುಗಳಲ್ಲಿ ಯಾವುದನ್ನು ನಂಬಬೇಕು? ನೇರ ವಿಮಾನವಿಲ್ಲದ ದಿನ ದೊಡ್ಡ ನಿಲ್ದಾಣವೊಂದರ ಮೂಲಕ ಹೋಗುವುದಾದರೆ ಲೆಕ್ಕ ಹೇಗೆ ಹಾಕಬೇಕು?

ಉತ್ತರ: ಮೊದಲು ಸುಲಭದ ಗಂಟನ್ನು ಬಿಚ್ಚಿಬಿಡೋಣ. ನೀವು ಕೊಟ್ಟಿರುವ ಮೂರು ದೂರಗಳೂ ಒಂದೇ ದೂರ. 383 ಎಂಬುದು ಕಿಲೋಮೀಟರು, 238 ಎಂಬುದು ನೆಲದ ಮೈಲಿ, 207 ಎಂಬುದು ನಾಟಿಕಲ್ ಮೈಲಿ. ನೆಲದ ಮೈಲಿಯೆಂದರೆ ಸುಮಾರು 1.609 ಕಿ.ಮೀ.; ನಾಟಿಕಲ್ ಮೈಲಿಯೆಂದರೆ 1852 ಮೀಟರು. ಈ ಎರಡನೆಯ ಅಳತೆಯನ್ನು 1929ರಲ್ಲಿ ಅಂತಾರಾಷ್ಟ್ರೀಯವಾಗಿ ನಿಗದಿ ಮಾಡಿದರೂ ಅದರ ಮೂಲ ಹಳೆಯದು: ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದಾಗ ಒಂದು ಪಾಲಿಗೆ ಭೂಮಿಯ ಮೇಲೆ ಸಿಗುವ ಉದ್ದವೇ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ಹಡಗಿನವರಿಗೆ ನಕ್ಷೆಯ ಅಂಚಿನಲ್ಲಿಯೇ ಅಳತೆಪಟ್ಟಿ ಸಿಕ್ಕಂತಾಗುತ್ತಿದ್ದುದರಿಂದ ಅವರು ಅದನ್ನು ಹಿಡಿದುಕೊಂಡರು, ವಿಮಾನದವರು ಹಡಗಿನವರಿಂದ ಎರವಲು ಪಡೆದರು. ಇಂದಿಗೂ ಹೆಚ್ಚಿನ ಕಡೆ ವಾಯುಮಾರ್ಗದ ದೂರ ನಾಟಿಕಲ್ ಮೈಲಿಯಲ್ಲಿ, ವೇಗ ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಎತ್ತರ ಅಡಿಯಲ್ಲಿ ಇರುತ್ತದೆ. ತಾಣಗಳು ಅಂಕಿಯನ್ನು ದೊಡ್ಡದಾಗಿ ಬರೆದು ಮಾನವನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕುವುದರಿಂದ ಈ ಗೊಂದಲ ಹುಟ್ಟುತ್ತದೆ.

ಈ 383 ಎಲ್ಲಿಂದ ಬಂತು ಎಂಬುದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಪ್ರತಿಯೊಂದು ವಿಮಾನ ನಿಲ್ದಾಣಕ್ಕೂ ‘ನಿರ್ದೇಶಕ ಬಿಂದು’ ಎಂಬ ಒಂದು ಅಧಿಕೃತ ಅಕ್ಷಾಂಶ, ರೇಖಾಂಶ ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇ ವ್ಯವಸ್ಥೆಯ ನಡುಮಧ್ಯದ ಸುತ್ತಮುತ್ತ ಇರುತ್ತದೆ. ಒಂದು ನಿಲ್ದಾಣ 20 ಡಿಗ್ರಿ ಅಕ್ಷಾಂಶದಲ್ಲಿ, ಇನ್ನೊಂದು 22 ಡಿಗ್ರಿಯಲ್ಲಿದ್ದು, ರೇಖಾಂಶದಲ್ಲಿ ಅವುಗಳ ನಡುವೆ 3 ಡಿಗ್ರಿ ಅಂತರವಿದೆ ಎಂದಿಟ್ಟುಕೊಳ್ಳಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ.; ಹಾಗಾಗಿ ಉತ್ತರ–ದಕ್ಷಿಣವಾಗಿ 222.4 ಕಿ.ಮೀ. ರೇಖಾಂಶದ ಡಿಗ್ರಿಗಳು ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತವೆಯಾದ್ದರಿಂದ 111.2ನ್ನು ನಡುವಿನ ಅಕ್ಷಾಂಶವಾದ 21 ಡಿಗ್ರಿಯ ಕೊಸೈನಿನಿಂದ, ಅಂದರೆ 0.934ರಿಂದ, ಗುಣಿಸಬೇಕು; ಮೂರು ಡಿಗ್ರಿಗೆ ಪೂರ್ವ–ಪಶ್ಚಿಮವಾಗಿ ಸುಮಾರು 311.4 ಕಿ.ಮೀ. ಬರುತ್ತದೆ. ಇವೆರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ತಿಳಿದು ಕರ್ಣವನ್ನು ಕಂಡುಹಿಡಿದರೆ ಸಿಗುವುದು ಸುಮಾರು 383 ಕಿ.ಮೀ. ತಾಣಗಳು ಬಳಸುವುದು ಇದಕ್ಕಿಂತ ಶುದ್ಧವಾದ ಮಹಾವೃತ್ತದ ಸೂತ್ರವನ್ನು, ಅಂದರೆ ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ಹಾದಿಯ ಸೂತ್ರವನ್ನು. ಖಂಡದಿಂದ ಖಂಡಕ್ಕೆ ಹಾರುವಾಗ ಇವೆರಡರ ವ್ಯತ್ಯಾಸ ದೊಡ್ಡದು. ನಾಲ್ಕುನೂರು ಕಿಲೋಮೀಟರಿನಲ್ಲಿ ಅದು ನಗಣ್ಯ.

ಭೂಮಿ ಪೂರ್ಣ ಗೋಳವಲ್ಲ ಎಂಬ ಆಕ್ಷೇಪ ಸರಿಯೇ. ಸಮಭಾಜಕದಲ್ಲಿ ಅದರ ತ್ರಿಜ್ಯ ಸುಮಾರು 6378 ಕಿ.ಮೀ., ಧ್ರುವಗಳಲ್ಲಿ ಸುಮಾರು 6357 ಕಿ.ಮೀ. ಆ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೇಲಿನ ಉದಾಹರಣೆಯಲ್ಲಿ ಅರ್ಧ ಕಿಲೋಮೀಟರಿನಷ್ಟೂ ವ್ಯತ್ಯಾಸವಾಗುವುದಿಲ್ಲ. ವಿಮಾನ ಮೇಲೇರಿ ಇಳಿಯುವುದರಿಂದ ದೂರ ಹೆಚ್ಚುವುದಿಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಐದು ಕಿಲೋಮೀಟರು ಮೇಲೇರಲು ವಿಮಾನ ತೊಂಬತ್ತು ಕಿಲೋಮೀಟರು ಮುಂದೆ ಸಾಗುವುದರಿಂದ ಆ ಓರೆಗೆ ಸೇರುವುದು ಸುಮಾರು ನೂರೈವತ್ತು ಮೀಟರು ಮಾತ್ರ. ದೂರದ ವಿಷಯದಲ್ಲಿ ಆದ್ದರಿಂದ ನಿಶ್ಚಿಂತರಾಗಿರಿ, 383 ಕಿ.ಮೀ. ಎಂಬುದು ನಂಬತಕ್ಕ ಅಂಕಿ. ರಸ್ತೆಯ 470 ಕಿ.ಮೀ. ಬೇರೆಯೇ ಹಾದಿಯ ಅಳತೆ, ಹಾರಾಟದ ಲೆಕ್ಕದಲ್ಲಿ ಅದಕ್ಕೆ ಪಾತ್ರವಿಲ್ಲ.

ಆದರೆ ವಿಮಾನ ಆ 383 ಕಿಲೋಮೀಟರಿನ ಗೆರೆಯ ಮೇಲೆಯೇ ಹಾರುತ್ತದೆಯೇ ಎಂದು ಕೇಳಿದರೆ, ಇಲ್ಲ. ಅದು ಐದಕ್ಷರದ ಹೆಸರುಗಳುಳ್ಳ ಬಿಂದುಗಳನ್ನು ಒಂದಕ್ಕೊಂದು ಜೋಡಿಸಿದ ವಾಯುಮಾರ್ಗವನ್ನು ಹಿಡಿಯುತ್ತದೆ. ಸೇನೆಯ ನಿರ್ಬಂಧಿತ ವಲಯವಿದ್ದರೆ ಸುತ್ತಿ ಹೋಗುತ್ತದೆ. ಮಳೆಮೋಡದ ದೊಡ್ಡ ಗೋಪುರ ಎದುರಾದರೆ ಬಳಸಿ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಅದು ಏರಬೇಕು, ಇಳಿಯಬೇಕು. ರನ್‌ವೇಯ ತುದಿಯಲ್ಲಿ ಬಳಿದಿರುವ ಅಂಕಿ ಅದರ ಕಾಂತೀಯ ದಿಕ್ಕನ್ನು ಹತ್ತರಿಂದ ಭಾಗಿಸಿದ್ದು: 09 ಎಂದರೆ ಪೂರ್ವಾಭಿಮುಖ, ಅದೇ ಪಟ್ಟಿಯ ಇನ್ನೊಂದು ತುದಿ 27, ಪಶ್ಚಿಮಾಭಿಮುಖ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ವಿಮಾನ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಏರುತ್ತದೆ, ತಲುಪಬೇಕಾದ ಊರು ಪೂರ್ವದಲ್ಲಿದ್ದರೂ. ಹಾಗೆ ಏರಿ, ಹಿಂದಿರುಗಿ, ದಾರಿ ಹಿಡಿಯುವಷ್ಟರಲ್ಲಿ ಹತ್ತಾರು ಕಿಲೋಮೀಟರು ಹೆಚ್ಚಾಗಿರುತ್ತದೆ. ಸಾವಿರಾರು ಕಿಲೋಮೀಟರಿನ ಪಯಣದಲ್ಲಿ ಈ ಸುತ್ತು ಕಣ್ಣಿಗೆ ಬೀಳುವುದಿಲ್ಲ. ನಿಮ್ಮಂಥ ಚಿಕ್ಕ ಪಯಣದಲ್ಲಿ ಅದು ಎದ್ದು ಕಾಣುತ್ತದೆ. ನಿಮ್ಮ 383 ಕಿಲೋಮೀಟರು ನಿಜವಾದ ಹಾದಿಯಲ್ಲಿ ಸುಮಾರು 410 ಆಗುತ್ತದೆಂದು ಇಟ್ಟುಕೊಂಡರೆ ಅದೇನೂ ಅತಿಯಾದ ಊಹೆಯಲ್ಲ.

ಇನ್ನು ಸಮಯ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಮೊದಲ ತಾಣ 29 ನಿಮಿಷ ಎಂದದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ: ಗಂಟೆಗೆ 500 ಮೈಲಿ, ಅಂದರೆ ಸುಮಾರು 805 ಕಿ.ಮೀ. ಎಂಬ ಒಂದೇ ವೇಗವನ್ನು ಹಿಡಿದು ಅದು 383ನ್ನು ಭಾಗಿಸಿದೆ. ವಿಮಾನವೊಂದು ಹೊರಡುವ ಊರಿನ ನೆತ್ತಿಯ ಮೇಲೆ ಆಗಲೇ ಪೂರ್ಣ ವೇಗದಲ್ಲಿ ಹಾರುತ್ತಿದ್ದು, ತಲುಪುವ ಊರಿನ ನೆತ್ತಿಯ ಮೇಲೆ ಹಾಗೆಯೇ ಹಾದುಹೋದರೆ ಮಾತ್ರ ಈ ಉತ್ತರ ಸರಿ. ಎರಡನೆಯ ತಾಣ ಅದಕ್ಕೆ ಅರ್ಧ ಗಂಟೆ ಕೂಡಿಸಿ 59 ಎಂದಿದೆ. ಈ ಅರ್ಧ ಗಂಟೆಯನ್ನು ನೋಡಿ ನಗಬೇಕಾಗಿಲ್ಲ, ಅದರಲ್ಲಿ ಸಾಕಷ್ಟು ಬುದ್ಧಿಯಿದೆ. ತಪ್ಪಿರುವುದು ವೇಗದ ಆಯ್ಕೆಯಲ್ಲಿ.

ಪಂಖವಿರುವ ಸಣ್ಣ ವಿಮಾನ ಎಂದು ನೀವು ಬರೆದಿದ್ದೀರಿ. ಅದು ಟರ್ಬೊಪ್ರಾಪ್, ಪ್ರಾದೇಶಿಕ ಮಾರ್ಗಗಳಲ್ಲಿ ಬಹಳವಾಗಿ ಕಾಣಸಿಗುವ ಎಟಿಆರ್ 72 ಇರಬೇಕೆಂದು ಭಾವಿಸಿ ಲೆಕ್ಕ ಹಾಕುತ್ತೇನೆ. ಎಪ್ಪತ್ತರ ಸುಮಾರು ಆಸನಗಳ ಈ ವಿಮಾನದ ಸಾಗುವೇಗ, ಅಂದರೆ ಮೇಲೇರಿದ ನಂತರ ಸಮನಾಗಿ ಸಾಗುವಾಗಿನ ವೇಗ, ಗಂಟೆಗೆ ಸುಮಾರು 510 ಕಿ.ಮೀ. ಅದೇ ವರ್ಗದ ಡ್ಯಾಶ್ 8-400 ಆದರೆ ಸುಮಾರು 660. ಏರ್‌ಬಸ್ 320ರಂಥ ಜೆಟ್ಟಾದರೆ ಶಬ್ದದ ವೇಗದ 0.78 ಪಾಲು, ಅಂದರೆ ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ.

ಈಗ ನಿಮ್ಮ ಪಯಣವನ್ನು ತುಂಡು ತುಂಡಾಗಿ ನೋಡೋಣ. ಎಟಿಆರ್ 17,000 ಅಡಿಗೆ ಏರಲು ಹತ್ತಿರ ಹತ್ತಿರ 15 ನಿಮಿಷ ಬೇಕು, ಅಷ್ಟರಲ್ಲಿ ಅದು ಸುಮಾರು 90 ಕಿ.ಮೀ. ಮುಂದೆ ಹೋಗಿರುತ್ತದೆ. ಇಳಿಯುವಾಗ ಪೈಲಟ್‌ಗಳು ಬಾಯಿಲೆಕ್ಕವೊಂದನ್ನು ಇಟ್ಟುಕೊಂಡಿರುತ್ತಾರೆ: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. ಆ ಪ್ರಕಾರ 17,000 ಅಡಿಗೆ 51 ನಾಟಿಕಲ್ ಮೈಲಿ. ವೇಗ ತಗ್ಗಿಸಿ ರನ್‌ವೇಗೆ ನೇರವಾಗಲು ಇನ್ನೊಂದು ಹತ್ತು. ಒಟ್ಟು ಸುಮಾರು 110 ಕಿ.ಮೀ., 16 ನಿಮಿಷ. ಅಂದರೆ 410 ಕಿಲೋಮೀಟರಿನಲ್ಲಿ ವಿಮಾನ ತನ್ನ ಪೂರ್ಣ ಸಾಗುವೇಗದಲ್ಲಿ ಹಾರುವುದು ನಡುವಿನ 210 ಕಿಲೋಮೀಟರನ್ನು ಮಾತ್ರ, ಅದಕ್ಕೆ ಸುಮಾರು 25 ನಿಮಿಷ. ಎಲ್ಲ ಸೇರಿ 56 ನಿಮಿಷ. ನಿಮ್ಮ ಪೈಲಟ್ ಘೋಷಿಸಿದ್ದು ಇದನ್ನೇ: ಚಕ್ರ ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯವನ್ನು.

ಟಿಕೆಟ್ಟಿನಲ್ಲಿರುವುದು ಬ್ಲಾಕ್ ಸಮಯ. ನಿಂತ ವಿಮಾನದ ಚಕ್ರ ಉರುಳದಂತೆ ಇಡುವ ದಿಮ್ಮಿಗೆ ಬ್ಲಾಕ್ ಎಂಬ ಹೆಸರಿತ್ತು. ಆ ದಿಮ್ಮಿಯನ್ನು ತೆಗೆದು ವಿಮಾನ ಕದಲಿದ ಕ್ಷಣದಿಂದ, ತಲುಪಿದ ಕಡೆ ಮತ್ತೆ ದಿಮ್ಮಿ ಇಟ್ಟು ನಿಲ್ಲಿಸುವ ಕ್ಷಣದವರೆಗೆ ಈ ಗಣನೆ. ವಿಮಾನಯಾನ ಸಂಸ್ಥೆಗಳು ಪ್ರತಿ ಹಾರಾಟಕ್ಕೂ ನಾಲ್ಕು ಹೊತ್ತುಗಳನ್ನು ದಾಖಲಿಸುತ್ತವೆ: ನಿಂತಲ್ಲಿಂದ ಕದಲಿದ್ದು, ನೆಲ ಬಿಟ್ಟಿದ್ದು, ನೆಲ ಮುಟ್ಟಿದ್ದು, ಬಂದು ನಿಂತಿದ್ದು. ಸ್ವಾರಸ್ಯವೆಂದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯಲ್ಲಿ ‘ಹಾರಾಟದ ಸಮಯ’ ಎಂದರೆ ಹಾರಲೆಂದು ವಿಮಾನ ಮೊದಲು ಕದಲಿದಾಗಿನಿಂದ ಹಾರಾಟ ಮುಗಿದು ಸಂಪೂರ್ಣ ನಿಲ್ಲುವವರೆಗಿನ ಅವಧಿ. ಪೈಲಟ್ ತನ್ನ ದಿನಚರಿ ಪುಸ್ತಕದಲ್ಲಿ ಬರೆದುಕೊಳ್ಳುವುದೂ ಅದನ್ನೇ. ಹೀಗಾಗಿ ಕಾನೂನಿನ ಮಾತಿನಲ್ಲಿ ಹೇಳುವುದಾದರೆ ನಿಮ್ಮ ಟಿಕೆಟ್ಟೇ ಸರಿ, ಘೋಷಣೆಯ 55 ನಿಮಿಷ ಅದರ ಒಂದು ಭಾಗ.

ನೆಲದ ಮೇಲೆ ಕಳೆಯುವ ಸಮಯ ದೊಡ್ಡ ನಿಲ್ದಾಣಗಳ ಕಾಯಿಲೆಯೆಂದು ಎಲ್ಲರೂ ತಿಳಿದಿರುತ್ತಾರೆ. ಸಣ್ಣ ನಿಲ್ದಾಣಗಳಲ್ಲಿ ಸಾಲು ನಿಲ್ಲುವ ಕಷ್ಟ ಇಲ್ಲ, ನಿಜ. ಆದರೆ ಅವುಗಳಿಗೆ ಅವುಗಳದ್ದೇ ತೊಡಕುಗಳಿವೆ, ಇವುಗಳ ಬಗ್ಗೆ ದೂರ ಲೆಕ್ಕ ಹಾಕುವ ತಾಣಗಳಿಗೆ ಏನೂ ತಿಳಿದಿರುವುದಿಲ್ಲ. ಅನೇಕ ಪ್ರಾದೇಶಿಕ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ಪಕ್ಕದ ದಾರಿ, ಇರುವುದಿಲ್ಲ. ಅಂಥಲ್ಲಿ ವಿಮಾನ ರನ್‌ವೇಯ ಮೇಲೆಯೇ ಉದ್ದಕ್ಕೂ ಹೋಗಿ, ತುದಿಯಲ್ಲಿ ತಿರುಗಿ, ಆಮೇಲೆ ಏರಬೇಕು. ಇಳಿದ ಮೇಲೂ ಹಾಗೆಯೇ ಬಂದ ದಾರಿಯಲ್ಲಿ ಹಿಂದಿರುಗಬೇಕು. ಎರಡೂವರೆ ಕಿಲೋಮೀಟರಿನ ರನ್‌ವೇಯನ್ನು ಗಂಟೆಗೆ 30 ಕಿಲೋಮೀಟರಿನಲ್ಲಿ ಕ್ರಮಿಸಲು ಐದು ನಿಮಿಷ ಬೇಕು. ಅಷ್ಟು ಹೊತ್ತೂ ಮತ್ತೊಂದು ವಿಮಾನ ಇಳಿಯುವಂತಿಲ್ಲ, ಏರುವಂತಿಲ್ಲ. ದಿನಕ್ಕೆ ನಾಲ್ಕೇ ವಿಮಾನ ಬರುವ ನಿಲ್ದಾಣದಲ್ಲಿಯೂ ಅವುಗಳಲ್ಲಿ ಎರಡು ಒಂದೇ ಹೊತ್ತಿಗೆ ಬಂದರೆ ಒಂದು ಆಕಾಶದಲ್ಲಿ ಸುತ್ತುಹಾಕುತ್ತಾ ಕಾಯಬೇಕಾಗುತ್ತದೆ.

ಇನ್ನೊಂದು ತೊಡಕು ರಾಡಾರಿಲ್ಲದ್ದು. ರಾಡಾರ್ ಇರುವಲ್ಲಿ ನಿಯಂತ್ರಕರು ವಿಮಾನಕ್ಕೆ ದಿಕ್ಕು ಕೊಡುತ್ತಾ ನೇರವಾಗಿ ರನ್‌ವೇಯ ಸಾಲಿಗೆ ತಂದು ನಿಲ್ಲಿಸಬಲ್ಲರು. ಇಲ್ಲದಿರುವಲ್ಲಿ ಪೈಲಟ್ ಹೇಳುವ ಸ್ಥಾನ ಮತ್ತು ಎತ್ತರದ ಆಧಾರದ ಮೇಲೆಯೇ ವಿಮಾನಗಳ ನಡುವೆ ಅಂತರ ಕಾಯಬೇಕು, ಹೀಗಾಗಿ ಆ ಅಂತರ ದೊಡ್ಡದಿರುತ್ತದೆ. ಹವೆ ಮಸುಕಾಗಿದ್ದರಂತೂ ವಿಮಾನ ಕೆಲವೊಮ್ಮೆ ನಿಲ್ದಾಣದಲ್ಲಿರುವ, ದಾರಿ ತೋರಿಸುವ ರೇಡಿಯೋ ಸಂಕೇತ ಕೇಂದ್ರದ ನೆತ್ತಿಯ ಮೇಲೆ ಬಂದು, ಅಲ್ಲಿಂದ ದೂರ ಹೋಗಿ, ತಿರುಗಿ, ಮತ್ತೆ ರನ್‌ವೇಗೆ ಮುಖಮಾಡಿ ಇಳಿಯುವ ಪೂರ್ಣ ವಿಧಾನವನ್ನು ಅನುಸರಿಸಬೇಕಾಗುತ್ತದೆ. ಕಿಟಕಿಯಿಂದ ಊರು ಕಾಣಿಸಿದ ಮೇಲೂ ವಿಮಾನ ಬೆನ್ನು ತಿರುಗಿಸಿ ಹೋದಂತೆ ನಿಮಗೆ ಯಾವಾಗಲಾದರೂ ಅನಿಸಿದ್ದರೆ, ಅದು ಬಹುಶಃ ಇದೇ. ಒಮ್ಮೆ ಹೀಗೆ ಸುತ್ತಿದರೆ ಏಳೆಂಟು ನಿಮಿಷ ಹೋಯಿತೆಂದೇ ತಿಳಿಯಿರಿ.

ಹೊರಡುವಲ್ಲಿ ಹತ್ತು ನಿಮಿಷ, ತಲುಪಿದಲ್ಲಿ ನಾಲ್ಕು ನಿಮಿಷ ಎಂದು ಮಿತವಾಗಿಯೇ ಹಿಡಿದರೆ ನಿಮ್ಮ 56 ನಿಮಿಷ 70 ಆಗುತ್ತದೆ. ಉಳಿದ ಐದು–ಹತ್ತು ನಿಮಿಷ ಸಂಸ್ಥೆ ಸೇರಿಸಿಕೊಂಡ ಮೀಸಲು. ನಿಗದಿತ ಹೊತ್ತಿನ ನಂತರ 15 ನಿಮಿಷದೊಳಗೆ ತಲುಪಿದ ವಿಮಾನವನ್ನು ಸಮಯಕ್ಕೆ ಸರಿಯಾಗಿ ಬಂದದ್ದೆಂದು ಎಣಿಸುವ ರೂಢಿ ಈ ಉದ್ಯಮದಲ್ಲಿ ವ್ಯಾಪಕವಾಗಿದೆ. ವೇಳಾಪಟ್ಟಿಯಲ್ಲಿ ಸ್ವಲ್ಪ ಮೀಸಲು ಇದ್ದರೆ ಆ ಗೆರೆಯೊಳಗೆ ನಿಲ್ಲುವುದು ಸುಲಭ. ಇದನ್ನು ಮೋಸವೆನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ಒಂದೇ ವಿಮಾನ ದಿನಕ್ಕೆ ಆರೇಳು ಬಾರಿ ಏರಿಳಿಯುವ ಪ್ರಾದೇಶಿಕ ಮಾರ್ಗದಲ್ಲಿ ಬೆಳಗಿನ ಹತ್ತು ನಿಮಿಷದ ತಡ ಸಂಜೆಗೆ ಒಂದು ಗಂಟೆಯಾಗಿ ಬೆಳೆಯುತ್ತದೆ. ಆ ಮೀಸಲಿರುವುದು ಅದನ್ನು ನಡುವೆಯೇ ನುಂಗಿಹಾಕಲು.

ಹೋಗುವಾಗಿನ ಮತ್ತು ಬರುವಾಗಿನ ಐದು ನಿಮಿಷದ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಗಾಳಿಯೇ ಕಾರಣ. ಗಂಟೆಗೆ 510 ಕಿ.ಮೀ. ಎಂಬುದು ಗಾಳಿಯೊಳಗಿನ ವೇಗ. ಗಂಟೆಗೆ 40 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಮೇಲೆ ಅದು 470, ಹಿಂದಿನಿಂದ ಬೀಸಿದರೆ 550. ಸಾಗುವ ಭಾಗವೊಂದರಲ್ಲಿಯೇ ಸುಮಾರು ನಾಲ್ಕು ನಿಮಿಷದ ಅಂತರ ಬರುತ್ತದೆ, ಏರುವಿಳಿಯುವ ಭಾಗಗಳಲ್ಲಿ ಇನ್ನಷ್ಟು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪೂರ್ತಿ ಗಳಿಸುತ್ತೇವೆಂದು ಮಾತ್ರ ತಿಳಿಯಬೇಡಿ. 500 ಕಿಲೋಮೀಟರಿನ ಹಾದಿಯಲ್ಲಿ 500ರ ವೇಗದ ವಿಮಾನಕ್ಕೆ ಗಾಳಿಯಿಲ್ಲದಾಗ ಹೋಗಿಬರಲು 120 ನಿಮಿಷ. ಗಂಟೆಗೆ 100 ಕಿಲೋಮೀಟರಿನ ಗಾಳಿ ಇದ್ದರೆ ಒಂದು ಕಡೆಗೆ 75 ನಿಮಿಷ, ಇನ್ನೊಂದು ಕಡೆಗೆ 50, ಒಟ್ಟು 125. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟವೇ ಯಾವಾಗಲೂ ಮೇಲಾಗುತ್ತದೆ. ವಿಮಾನಯಾನದ ವೇಳಾಪಟ್ಟಿಗಳು ವರ್ಷಕ್ಕೆರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು, ಬದಲಾಗುತ್ತವೆ. ಆ ಹೊತ್ತಿಗೆ ಋತುವಿನ ಗಾಳಿಗೆ ತಕ್ಕಂತೆ ನಿಮ್ಮ 1 ಗಂಟೆ 20 ನಿಮಿಷವೂ ಐದು ನಿಮಿಷ ಹಿಗ್ಗಬಹುದು, ಕುಗ್ಗಬಹುದು.

ಹಾಗಿದ್ದರೆ ಇದೇ ಮಾರ್ಗದಲ್ಲಿ ಜೆಟ್ ಬಂದರೆ ಎಷ್ಟು ಉಳಿತಾಯ? ಜೆಟ್ ಮೇಲೆ ಹಾರಲೆಂದೇ ಹುಟ್ಟಿದ್ದು. ಸುಮಾರು 28,000 ಅಡಿಗೆ ಏರಲು ಅದು 150 ಕಿ.ಮೀ. ತೆಗೆದುಕೊಳ್ಳುತ್ತದೆ, ಇಳಿಯಲು 170. ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದೆಂಬ ಮಿತಿಯೂ ಇದೆ. ಉಳಿದ 90 ಕಿಲೋಮೀಟರಿನಲ್ಲಿ ಮಾತ್ರ ಅದು ತನ್ನ ವೇಗವನ್ನು ತೋರಿಸಬಹುದು, ಏಳು ನಿಮಿಷ. ಆಕಾಶದಲ್ಲಿ ಒಟ್ಟು 42 ನಿಮಿಷದ ಹತ್ತಿರ, ನೆಲದ 14 ನಿಮಿಷ ಸೇರಿ 56. ಸಾಗುವೇಗ ಅರವತ್ತು ಪ್ರತಿಶತ ಹೆಚ್ಚಿದ್ದರೂ ಉಳಿಯುವುದು ಹದಿನಾಲ್ಕೇ ನಿಮಿಷ. ಅಷ್ಟಕ್ಕಾಗಿ ಬಹಳ ಹೆಚ್ಚಿನ ಇಂಧನ ಸುಡುವುದು ಯಾರಿಗೂ ಗಿಟ್ಟುವುದಿಲ್ಲವಾದ್ದರಿಂದಲೇ ಇಂಥ ಮಾರ್ಗಗಳಲ್ಲಿ ಪಂಖದ ವಿಮಾನ ಉಳಿದುಕೊಂಡು ಬಂದಿದೆ. ಎರಡನೆಯ ತಾಣದ 59 ನಿಮಿಷವನ್ನು ಈಗ ಮತ್ತೊಮ್ಮೆ ನೋಡಿ: ಜೆಟ್ಟಿಗಾದರೆ ಅದು ಬಹುತೇಕ ಸರಿಯಾದ ಉತ್ತರ. ನಿಮ್ಮ ವಿಮಾನಕ್ಕೆ ಅದು ಹೊಂದಲಿಲ್ಲ, ಅಷ್ಟೇ.

ಆದ್ದರಿಂದ ಹೊಸ ಮಾರ್ಗವೊಂದಕ್ಕೆ ನೀವೇ ಅಂದಾಜು ಮಾಡಬೇಕಾದಾಗ ಮೊದಲು ವಿಮಾನದ ಬಗೆ ಯಾವುದೆಂದು ನೋಡಿ. ಬುಕಿಂಗ್ ವಿವರದಲ್ಲಿ ಎಟಿ7 ಎಂದಿದ್ದರೆ ಎಟಿಆರ್ 72, ಡಿಎಚ್4 ಎಂದಿದ್ದರೆ ಡ್ಯಾಶ್ 8-400, ಇ75 ಎಂದಿದ್ದರೆ ಎಂಬ್ರೇಯರ್ 175 ಜೆಟ್, 320 ಎಂದಿದ್ದರೆ ಏರ್‌ಬಸ್. ಮಹಾವೃತ್ತದ ದೂರವನ್ನು ಆ ವಿಮಾನದ ಸಾಗುವೇಗದಿಂದ ಭಾಗಿಸಿ, ಬಂದ ನಿಮಿಷಗಳಿಗೆ ಮೂವತ್ತು ಕೂಡಿಸಿ. ನಿಮ್ಮ ಮಾರ್ಗಕ್ಕೆ 45 ಮತ್ತು 30, ಒಟ್ಟು 75, ಅಂದರೆ ಟಿಕೆಟ್ಟಿನ 1 ಗಂಟೆ 15 ನಿಮಿಷ. ದಟ್ಟಣೆಯ ನಿಲ್ದಾಣವೊಂದು ಮಾರ್ಗದ ಒಂದು ತುದಿಯಲ್ಲಿದ್ದರೆ ಮೂವತ್ತರ ಬದಲು ನಲವತ್ತು ಕೂಡಿಸಿ. ಐವತ್ತು ಕಿಲೋಮೀಟರಿಗಿಂತ ಚಿಕ್ಕ ಹಾರಾಟಗಳಿಗೆ ಈ ಸೂತ್ರ ಹೊಂದುವುದಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ 2.7 ಕಿಲೋಮೀಟರಿನ ನಿಗದಿತ ವಿಮಾನ ಸೇವೆಯಿದೆ. ಅದರ ಹಾರಾಟ ಎರಡು ನಿಮಿಷವೂ ಇಲ್ಲ, ಒಮ್ಮೆ 53 ಸೆಕೆಂಡುಗಳಲ್ಲಿ ಮುಗಿದದ್ದೂ ಉಂಟು. ಅಲ್ಲಿ ಸಾಗುವೇಗವೆಂಬ ಹಂತವೇ ಇಲ್ಲ.

ಎರಡು ನಿಲ್ದಾಣಗಳು ಬೇರೆ ಬೇರೆ ಕಾಲವಲಯದಲ್ಲಿದ್ದರೆ ಮಾತ್ರ ಟಿಕೆಟ್ಟಿನ ಹೊರಡುವ ಹೊತ್ತನ್ನು ತಲುಪುವ ಹೊತ್ತಿನಿಂದ ನೇರವಾಗಿ ಕಳೆಯಬೇಡಿ; ಎರಡೂ ಆಯಾ ಊರಿನ ಸ್ಥಳೀಯ ಸಮಯಗಳು.

ಕೊನೆಗೆ, ದೊಡ್ಡ ನಿಲ್ದಾಣದ ಮೂಲಕ ಹೋಗುವ ದಿನದ ಲೆಕ್ಕ. ಆಗ 383 ಎಂಬ ಅಂಕಿಯನ್ನು ಮರೆತುಬಿಡಿ. ಆ ದೊಡ್ಡ ನಿಲ್ದಾಣ ನಿಮ್ಮ ಮೊದಲ ಊರಿನಿಂದ 300 ಕಿ.ಮೀ., ಎರಡನೆಯದರಿಂದ 350 ಕಿ.ಮೀ. ಇದ್ದರೆ ಹಾರುವ ದೂರ 650 ಆಗುತ್ತದೆ. ದೂರ ಎರಡು ಪಟ್ಟೂ ಆಗಲಿಲ್ಲವಲ್ಲ ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಏರಿಳಿತ ಮತ್ತು ನೆಲದ ಓಡಾಟದ ಹೊರೆ ಎರಡು ಬಾರಿ ಬೀಳುತ್ತದೆ, ಅದೂ ದಟ್ಟಣೆಯ ಕಡೆ. ನಲವತ್ತರ ಸೂತ್ರದಿಂದ ಮೊದಲ ಹಾರಾಟಕ್ಕೆ ಸುಮಾರು 75 ನಿಮಿಷ, ಎರಡನೆಯದಕ್ಕೆ 80 ನಿಮಿಷ ಬರುತ್ತದೆ. ನಡುವಿನ ಕಾಯುವಿಕೆಯಂತೂ ದೂರಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಅವಧಿಯೊಂದು ನಿಗದಿಯಾಗಿರುತ್ತದೆ, ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದಾಗ ಬುಕಿಂಗ್ ವ್ಯವಸ್ಥೆ ಅದಕ್ಕಿಂತ ಕಡಿಮೆ ಅಂತರದ ಜೋಡಣೆಯನ್ನು ಕೊಡುವುದಿಲ್ಲ. ಆದರೆ ಸಣ್ಣ ನಿಲ್ದಾಣಕ್ಕೆ ದಿನಕ್ಕೊಂದೋ ಎರಡೋ ವಿಮಾನ ಮಾತ್ರ ಇರುವುದರಿಂದ ಸಿಗುವ ಜೋಡಣೆ ಒಂದು ಗಂಟೆಯದ್ದೂ ಆಗಬಹುದು, ಐದು ಗಂಟೆಯದ್ದೂ ಆಗಬಹುದು. ಎರಡು ಬೇರೆ ಬೇರೆ ಟಿಕೆಟ್ ಕೊಂಡು ಕಿರಿದಾದ ಅಂತರವನ್ನು ನೀವೇ ಹೊಲಿಯಲು ಹೋದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಅದರ ಹೊಣೆ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಕಾಯುವಿಕೆ ಎರಡು ಗಂಟೆಯೊಳಗಿದ್ದರೆ ಒಟ್ಟು ನಾಲ್ಕೂವರೆ ಗಂಟೆಯ ಸುಮಾರಿನಲ್ಲಿ ತಲುಪುತ್ತೀರಿ. ಕಾಯುವಿಕೆಯೇ ನಾಲ್ಕು ಗಂಟೆಯನ್ನೂ ಮೀರಿದರೆ, ಮನೆಯಿಂದ ನಿಲ್ದಾಣಕ್ಕೆ ಹೋಗುವ ಮತ್ತು ಚೆಕ್-ಇನ್‌ಗೆ ಮುಂಚಿತವಾಗಿ ತಲುಪುವ ಹೊತ್ತನ್ನೂ ಸೇರಿಸಿ ನೋಡಿ; ನೀವು ಹೇಳಿದ 470 ಕಿಲೋಮೀಟರಿನ ರಸ್ತೆ ಚೆನ್ನಾಗಿದ್ದ ಪಕ್ಷದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮವಾಗುತ್ತವೆ.